ಪ್ರೊಫೆಸರರ ಮಾತಿನಡಿ ನನ್ನ ದನಿ

ರೇಡಿಯೋದಲ್ಲಿ ನನ್ನ ದನಿ ಬರುತ್ತದೆಂದು ಊರಿಗೆಲ್ಲ ಡಂಗುರ ಸಾರಿದ್ದೆ. ಅಕ್ಕನಿಗೆ, ಭಾವನಿಗೆ, ಎದುರು ಮನೆಯವರಿಗೆ, ಆಸ್ಪತ್ರೆಯ ಲಾಂಡ್ರಿಯಲ್ಲಿ ನನ್ನ ಜೊತೆ ದುಡಿಯುವ ಹನ್ನೊಂದು ಹೆಂಗಸರಿಗೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ನಾವೆಲ್ಲ ಇಸ್ತ್ರಿ ಯಂತ್ರ ನಿಲ್ಲಿಸಿ, ಚಾದರದ ರಾಶಿಯ ಮೇಲೆ ಕೂತು ಕಿವಿ ನೆಟ್ಟಗೆ ಮಾಡಿಕೊಂಡೆವು.

ಕಾರ್ಯಕ್ರಮ ಹವಾಮಾನ ಬದಲಾವಣೆಯ ಬಗ್ಗೆ. ಅದಕ್ಕೆಂದೇ ಹೋದ ವಾರ ರೇಡಿಯೋದವರೊಬ್ಬರು ಲಾಂಡ್ರಿಗೆ ಬಂದು ನನ್ನ ಮಾತು ರೆಕಾರ್ಡ್ ಮಾಡಿಕೊಂಡು ಹೋಗಿದ್ದರು. ಒಬ್ಬ ಪ್ರೊಫೆಸರ್ ಮಾತಾಡುತ್ತಿದ್ದರು. "ಶಾಖದಲ್ಲಿ ದುಡಿಯುವವರ ಮೈ ಕ್ರಮೇಣ ಅದಕ್ಕೆ ಒಗ್ಗಿಕೊಳ್ಳುತ್ತದೆ," ಎಂದರು. ಅವರ ಮಾತಿನಡಿ, ಯಂತ್ರದ ಸದ್ದಿನ ಜೊತೆ, ಒಂದು ಹೆಣ್ಣುದನಿ ಗುಣುಗುಣು ಎನ್ನುತ್ತಿತ್ತು. ಏನು ಹೇಳುತ್ತಿದೆಯೋ ತಿಳಿಯುವಂತಿರಲಿಲ್ಲ.

"ಅದು ನೀನೇ ಅಲ್ವೇನೇ?" ಎಂದರು ದೊಡ್ಡಮ್ಮ.

ನಾನೇ. ನಮ್ಮ ಮೈ ಒಗ್ಗುವುದಿಲ್ಲ, ಬೀಳುತ್ತದೆ ಎಂದೇ ನಾನು ಅಲ್ಲಿ ಹೇಳುತ್ತಿದ್ದದ್ದು.

ದೊಡ್ಡಮ್ಮ ನನ್ನ ನೆಂಟರಲ್ಲ. ಲಾಂಡ್ರಿಯಲ್ಲಿ ಎಲ್ಲರಿಗಿಂತ ಹಿರಿಯರು, ಅದಕ್ಕೆ ಎಲ್ಲರಿಗೂ ದೊಡ್ಡಮ್ಮ. ಹೋದ ಬೇಸಿಗೆಯಲ್ಲಿ ಒಗೆಯುವ ಯಂತ್ರದ ಮುಂದೆಯೇ ಕುಸಿದು ಬಿದ್ದವರು. ಅಂದಿನಿಂದ ಎಡಗೈಯ ಮೂರು ಬೆರಳು ಅವರ ಮಾತು ಕೇಳುವುದಿಲ್ಲ. ಈಗ ದಿಂಬಿನ ಚೀಲ ಮಡಚುತ್ತಾರೆ. ಮುಂದಿನ ತಿಂಗಳಿಂದ ಮತ್ತೆ ಅದೇ ಯಂತ್ರದ ಮುಂದೆ ನಿಲ್ಲಬೇಕೆಂದು ಆಸ್ಪತ್ರೆಯ ಆದೇಶ.

ನಾನು ಏಪ್ರನ್ ಕೂಡ ಬಿಚ್ಚದೆ ರೇಡಿಯೋ ಕಚೇರಿಗೆ ಬಸ್ಸು ಹತ್ತಿದೆ.

"ನನ್ನ ದನೀನ ಪ್ರೊಫೆಸರ್ ಕಾಲಡಿ ಹಾಕಿದ್ದು ಯಾರು?"

ಸಣ್ಣ ಕೋಣೆಯಲ್ಲಿ, ಕೊರಳಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಸೌಂಡ್ ಎಂಜಿನಿಯರ್ ತಲೆಯೆತ್ತಿದ. ತಪ್ಪು ಮಾಡಿದವನ ಮುಖವಲ್ಲ ಅದು. ಕಳೆದುಹೋದ ಬೆಕ್ಕು ತಾನಾಗಿ ಮನೆಗೆ ಬಂದಾಗ ಅರಳುವಂಥ ಮುಖ.

"ನೀವಾ! ದನಿ ಕೇಳಿದ ಕೂಡ್ಲೇ ಗೊತ್ತಾಯ್ತು. ಹೌದು, ನಾನೇ. ಕಾರ್ಯಕ್ರಮ ನಡೆಸೋ ಮೇಡಂ ಪೂರ್ತಿ ತೆಗೆದುಬಿಡು ಅಂದಿದ್ರು, ನಂಗೆ ಮನಸ್ಸು ಬರ್ಲಿಲ್ಲ. ಅಷ್ಟು ಚೆನ್ನಾಗಿತ್ತು. ಅದಕ್ಕೇ ಹಿನ್ನೆಲೆಗೆ ಹಾಕಿದೆ. ಮೂವತ್ತೆಂಟು ಸೆಕೆಂಡ್!"

ಹೆಮ್ಮೆಯಿಂದಲೇ ಹೇಳಿದ, ಮಹಾರಾಯ.

"ನೀವು ಉಸಿರು ತಗೊಳ್ಳೋಕೆ ಮುಂಚೆ ಒಂದು ಚೂರು ತಡೀತೀರ, ಗೊತ್ತಾ? ಸಿಟ್ಟು ಬಂದಾಗ ದನಿ ಏರಲ್ಲ, ಇಳಿಯುತ್ತೆ."

"ನಾನು ಏನು ಹೇಳ್ತಿದ್ದೆ?"

"ಅಂದ್ರೆ?"

"ಆ ಮೂವತ್ತೆಂಟು ಸೆಕೆಂಡಲ್ಲಿ ನಾನು ಹೇಳಿದ್ದು ಏನು?"

ಅವನ ಕಿವಿಗಳು ತುದಿಯಿಂದ ಬುಡದವರೆಗೆ ಕೆಂಪಾದವು. ಇಷ್ಟು ಸಿಟ್ಟಿನಲ್ಲೂ ಆ ಕಿವಿಗಳು ಚೆಂದ ಎನಿಸಿದ್ದಕ್ಕೆ ನನ್ನ ಮೇಲೇ ನನಗೆ ಇನ್ನಷ್ಟು ಸಿಟ್ಟು ಬಂತು.

"ನಲವತ್ತು ನಿಮಿಷ ಮಾತಾಡಿದೀನಿ. ಕೂತ್ಕೊಂಡು ಪೂರ್ತಿ ಕೇಳಿ," ಎಂದು ಹೊರಟುಬಂದೆ.

ಮೂರು ದಿನದ ಮೇಲೆ, ಮಧ್ಯಾಹ್ನ ಎರಡಕ್ಕೆ ಲಾಂಡ್ರಿಯ ಬಾಗಿಲಲ್ಲಿ ಅವನೇ ನಿಂತಿದ್ದ. ಕೈಯಲ್ಲಿ ರೆಕಾರ್ಡರ್ ಇರಲಿಲ್ಲ.

"ಎರಡು ಸಲ ಕೇಳಿದೆ. ಈಗ ನೋಡೋಕೆ ಬಂದೆ."

"ನೋಡೋರಿಗೆ ಇಲ್ಲಿ ಜಾಗ ಇಲ್ಲ. ಹಿಡ್ಕೊಳ್ಳಿ," ಎಂದು ಚಾದರದ ಒಂದು ತುದಿಯನ್ನು ಅವನತ್ತ ಎಸೆದೆ.

ಚಾದರ ಮಡಚುವುದು ಇಬ್ಬರ ಕೆಲಸ. ತುದಿಗಳನ್ನು ಹಿಡಿದು ದೂರ ನಿಂತು ಜಗ್ಗಬೇಕು. ಆಮೇಲೆ ಎದುರುಬದುರು ನಡೆದು ಬಂದು ತುದಿಗೆ ತುದಿ ಸೇರಿಸಬೇಕು. ಒಬ್ಬರು ಬಿಡಬೇಕು, ಇನ್ನೊಬ್ಬರು ಹಿಡಿಯಬೇಕು. ಅವನು ಬಿಡಬೇಕಾದಾಗ ಹಿಡಿಯುತ್ತಿದ್ದ, ಹಿಡಿಯಬೇಕಾದಾಗ ನನ್ನ ಮುಖ ನೋಡುತ್ತಿದ್ದ. ಪ್ರತಿ ಸಲ ಬೆರಳಿಗೆ ಬೆರಳು ತಗುಲಿದಾಗಲೂ "ಸಾರಿ" ಎನ್ನುತ್ತಿದ್ದ. ಆರನೇ ಚಾದರದ ಹೊತ್ತಿಗೆ ಸಾರಿ ನಿಂತಿತು.

"ಏನ್ರೇ, ಒಂದೇ ಚಾದರನ ಎಷ್ಟು ಸಲ ಮಡಚ್ತೀರ?" ದೊಡ್ಡಮ್ಮ ಕೂಗಿದರು. ಹನ್ನೊಂದೂ ಬಾಯಿಗಳು ನಕ್ಕವು. ನಾನು ನಗಲಿಲ್ಲ, ಆದರೆ ಮುಖ ಬೆಚ್ಚಗಾದದ್ದು ಇಸ್ತ್ರಿಯ ಕಾವಿಗೆ ಮಾತ್ರ ಎಂದರೆ ಸುಳ್ಳಾಗುತ್ತದೆ.

ಅರ್ಧ ಗಂಟೆಗೆ ಅವನ ಮುಖ ಬಿಳಿಚಿಕೊಂಡಿತು. ಕೂರಿಸಿ ನೀರು ಕೊಟ್ಟೆ. ಗೋಡೆಯ ಥರ್ಮಾಮೀಟರ್ ನಲವತ್ತಾರು ತೋರಿಸುತ್ತಿತ್ತು.

"ಶಾಖದಲ್ಲಿ ದುಡಿಯೋರಿಗೆ ಅಂತ ಸರ್ಕಾರ ಮಾಡಿರೋ ಕರಡು ನಿಯಮಾನೂ ಓದಿದೆ," ಎಂದ, ನೀರು ಕುಡಿದು. "ಬಿಸಿಲಲ್ಲಿ ದುಡಿಯೋರಿಗೆ ಗಂಟೆಗೆ ಹದಿನೈದು ನಿಮಿಷ ವಿಶ್ರಾಂತಿ. ಸೂರಿನಡಿ ದುಡಿಯೋರ ಬಗ್ಗೆ ಒಂದು ಮಾತಿಲ್ಲ."

"ನಂಗೊತ್ತು. ಅದನ್ನ ಹೇಳೋಕೇ ನಿಮ್ಮ ರೇಡಿಯೋಗೆ ಮಾತಾಡಿದ್ದು."

"ಗುರುವಾರ ನೇರಪ್ರಸಾರದ ಚರ್ಚೆ ಇದೆ. ಆ ನಿಯಮ ಬರೆದ ಅಧಿಕಾರಿಯೇ ಬರ್ತಾರೆ. ಮಾರನೇ ವಾರ ಅದಕ್ಕೆ ಸಹಿ ಬೀಳುತ್ತೆ." ಅವನು ದನಿ ತಗ್ಗಿಸಿದ. "ಮೈಕುಗಳೆಲ್ಲ ನನ್ನ ಕೈಲಿರುತ್ತೆ. ಸ್ಟುಡಿಯೋದ ಮೂಲೇಲಿ ಕೂತಿರಿ. ಮೆಲ್ಲಗೆ ಒಂದು ಮೈಕ್ ತೆರೀತೀನಿ. ಎರಡು ನಿಮಿಷ ಸಿಗುತ್ತೆ."

"ಕದ್ದುಮುಚ್ಚಿ ಮಾತಾಡೋಕೆ ನಾನೇನು ತಪ್ಪು ಮಾಡಿದೀನಿ? ನಂಗೆ ಕುರ್ಚಿ ಬೇಕು. ಪ್ರೊಫೆಸರ್ ಪಕ್ಕದಲ್ಲಿ."

ಅವನು ನನ್ನನ್ನು ದಿಟ್ಟಿಸಿ ನೋಡಿದ. ರೆಪ್ಪೆಯ ಮೇಲೆ ಬೆವರಿನ ಹನಿಯೊಂದು ನಿಂತಿತ್ತು, ಒರೆಸಿಕೊಳ್ಳಲೂ ಮರೆತಿದ್ದ. ಅಂಥ ನೋಟ ನನ್ನ ಮೇಲೆ ಬಿದ್ದು ಬಹಳ ವರ್ಷವಾಗಿತ್ತು.

"ಹಾಗಾದ್ರೆ ಮೇಡಂ ಹತ್ರ ಹೋಗೋಣ, ನಡೀರಿ," ಎಂದ.

ಕಾರ್ಯಕ್ರಮದ ಮೇಡಂ ಕೆಟ್ಟವರಲ್ಲ. ಕೂರಿಸಿ ಚಹಾ ಕೊಟ್ಟರು. "ನಿಮ್ಮ ಕಷ್ಟ ಅರ್ಥ ಆಗುತ್ತಮ್ಮ. ಆದ್ರೆ ಚರ್ಚೆಗೆ ವಿಷಯ ಗೊತ್ತಿರೋರು ಬೇಕು," ಎಂದರು.

"ಈ ವರ್ಷ ಶಾಖದ ಬಗ್ಗೆ ಏಳು ಕಾರ್ಯಕ್ರಮ ಮಾಡಿದೀರ. ಎಲ್ಲಾನೂ ಕೇಳಿದೀನಿ. ಇಪ್ಪತ್ಮೂರು ಅತಿಥಿಗಳು. ಅದ್ರಲ್ಲಿ ಆ ಶಾಖದಲ್ಲಿ ನಿಂತು ದುಡಿಯೋರು ಎಷ್ಟು ಜನ ಮೇಡಂ?"

ಮೇಡಂ ಅವನ ಕಡೆ ನೋಡಿದರು. ಅವನು ನೆಲ ನೋಡಲಿಲ್ಲ.

"ಒಬ್ರೂ ಇಲ್ಲ ಮೇಡಂ. ಏಳನ್ನೂ ಎಡಿಟ್ ಮಾಡಿದ್ದು ನಾನೇ. ಮಾತಾಡಿದೋರನ್ನ ಹಿನ್ನೆಲೆ ಮಾಡಿದ್ದೂ ನಾನೇ. ಇನ್ಮೇಲೆ ಆ ಕೆಲಸ ನನ್ನಿಂದಾಗಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಮೇಡಂ ಬಹಳ ಹೊತ್ತು ಚಹಾ ಕಲಕಿದರು. ಕಲಕುವುದಕ್ಕೆ ಕಪ್ಪಿನಲ್ಲಿ ಏನೂ ಉಳಿದಿರಲಿಲ್ಲ.

"ನಾಲ್ಕು ನಿಮಿಷ," ಎಂದರು ಕೊನೆಗೆ. "ಮುಂಚೆಯೇ ರೆಕಾರ್ಡ್ ಮಾಡಿಕೊಡಿ. ಕ್ಲೀನ್ ಮಾಡಿ ಹಾಕ್ತೀವಿ."

"ಕ್ಲೀನ್ ಮಾಡೋದನ್ನ ನಂಗೆ ಬಿಡಿ ಮೇಡಂ, ನಾನು ಲಾಂಡ್ರಿಯವಳು. ನೇರವಾಗೇ ಮಾತಾಡ್ತೀನಿ."

ಮೇಡಂಗೆ ನಗು ತಡೆಯಲಾಗಲಿಲ್ಲ. ಕುರ್ಚಿ ಸಿಕ್ಕಿತು.

ಹೊರಗೆ ಬಂದಮೇಲೆ ಅವನಿಗೆ ಚೆನ್ನಾಗಿ ಬೈದೆ. "ನಿಮ್ಮ ಕೆಲಸ ಕಳ್ಕೊಳ್ಳಿ ಅಂತ ನಾನು ಕೇಳಿದ್ನಾ?"

"ಇಲ್ಲ."

"ಮತ್ತೆ?"

"ನಿಮ್ಮ ದನಿ ಇಳೀತಿದೆ. ಅಂದ್ರೆ ನಿಜವಾಗ್ಲೂ ಸಿಟ್ಟು ಬಂದಿದೆ," ಎಂದು ನಕ್ಕ. ಬಸ್ಸು ಬರುವವರೆಗೆ ಜಗಳವಾಡುತ್ತ ನಿಂತೆವು. ಬಂದ ಎರಡು ಬಸ್ಸು ಹೋಗಲು ಬಿಟ್ಟೆವು.

ಗುರುವಾರ ಪ್ರೊಫೆಸರ್, ಅಧಿಕಾರಿ, ಒಬ್ಬ ಕಾರ್ಖಾನೆ ಮಾಲೀಕರು, ಒಬ್ಬ ಪತ್ರಕರ್ತರು, ಕೊನೆಯಲ್ಲಿ ನಾನು. ಗಾಜಿನ ಆಚೆ ಅವನು, ಅವನ ಹಿಂದಿನ ಬೆಂಚಿನ ಮೇಲೆ ದೊಡ್ಡಮ್ಮ. ನಾಲ್ವರೂ ನಿರರ್ಗಳವಾಗಿ ಮಾತಾಡಿದರು. ನನ್ನ ಸರದಿ ಬಂತು. ಮೈಕಿನತ್ತ ಬಾಗಿದೆ, ಮೊದಲ ಪದವೇ ಮರೆತುಹೋಗಿತ್ತು.

ಒಂದು ಸೆಕೆಂಡ್. ಎರಡು. ನಾಲ್ಕು. ರೇಡಿಯೋದಲ್ಲಿ ಮೌನಕ್ಕಿಂತ ದೊಡ್ಡ ತಪ್ಪಿಲ್ಲ, ಹತ್ತು ಸೆಕೆಂಡ್ ದಾಟಿದರೆ ತಾನಾಗಿ ಸಂಗೀತ ಶುರುವಾಗುತ್ತದೆ ಎಂದು ಅವನೇ ಹೇಳಿದ್ದ. ನಿರೂಪಕರು ನನ್ನ ಬದಲಿಗೆ ಮಾತಾಡಲು ಬಾಯಿ ತೆರೆದರು.

ಗಾಜಿನ ಆಚೆಯಿಂದ ಅವನು ಅಂಗೈ ಎತ್ತಿ ಅವರನ್ನು ತಡೆದ. ಹೆಡ್‌ಫೋನ್ ತೆಗೆದಿಟ್ಟು ನನ್ನನ್ನೇ ನೋಡಿದ. ಧೈರ್ಯ ಹೇಳುವ ನೋಟವಲ್ಲ, ಬೇಡುವ ನೋಟವೂ ಅಲ್ಲ. ಸುಮ್ಮನೆ ಕಾಯುತ್ತಿದ್ದ. ನಾನು ಮಾತಾಡಲೆಂದು ಈ ಮೂವತ್ತನಾಲ್ಕು ವರ್ಷದಲ್ಲಿ ಯಾರೂ ಹಾಗೆ ಕಾದದ್ದಿಲ್ಲ.

"ನಮ್ಮ ಮೈ ಒಗ್ಗಿಕೊಳ್ಳುತ್ತೆ ಅಂತೀರ," ಎಂದು ಶುರುಮಾಡಿದೆ. "ನಮ್ಮ ದೊಡ್ಡಮ್ಮನ ಮೈ ಒಗ್ಗಲಿಲ್ಲ. ಮೂರು ಬೆರಳಿನ ಸ್ವಾಧೀನ ಹೋಯ್ತು. ನಮ್ಮ ತಲೆ ಮೇಲೆ ಸೂರಿದೆ, ಬಿಸಿಲಿಲ್ಲ, ನಿಜ. ಹೊರಗೆ ನಲವತ್ತಾದ್ರೆ ನಮ್ಮ ಒಳಗೆ ನಲವತ್ತಾರು. ರೋಗಿಗಳಿಗೆ ಹಾಸಿಗೆ ಮಾಡ್ತಾ ಮಾಡ್ತಾ ನಾವೇ ಆ ಹಾಸಿಗೆ ಸೇರ್ತಿದೀವಿ. ನಿಮ್ಮ ಕರಡಲ್ಲಿ ನಾವಿಲ್ಲ. ಬರೆಯೋವಾಗ ನಮ್ಮನ್ನ ಯಾರೂ ಕೇಳಲಿಲ್ಲ, ಅಷ್ಟೇ ಕಾರಣ."

ಅಧಿಕಾರಿ ಪೆನ್ನು ಎತ್ತಿಕೊಂಡರು. "ನಲವತ್ತಾರು ಅಂದ್ರಾ? ಯಾವ ಹೊತ್ತಲ್ಲಿ?"

ಹೇಳಿದೆ. ಆಮೇಲೆ ಪ್ರೊಫೆಸರ್ ಕೂಡ ಕುರ್ಚಿ ನನ್ನತ್ತ ತಿರುಗಿಸಿ ಒಂದೊಂದೇ ಕೇಳತೊಡಗಿದರು, ನನ್ನ ಉತ್ತರ ಬರೆದುಕೊಂಡರು. ನಾಲ್ಕು ನಿಮಿಷ ಹನ್ನೊಂದಾಯಿತು. ಕೊನೆಗೆ ಅಧಿಕಾರಿ, ಊರೆಲ್ಲ ಕೇಳುತ್ತಿರುವಾಗಲೇ, "ಸೋಮವಾರ ಎರಡಕ್ಕೆ ನಿಮ್ಮಲ್ಲಿಗೆ ಬರ್ತೀನಿ. ಒಳಗೆ ದುಡಿಯೋರನ್ನ ಸೇರಿಸದೆ ಸಹಿ ಹಾಕಲ್ಲ," ಎಂದರು. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕಾರಿಡಾರಿನಲ್ಲಿ ಅವನು ಓಡಿಬಂದ. ನನ್ನ ಮುಂದೆ ನಿಂತು ತೊದಲಿದ.

"ನಿಮ್ಮ ದನಿ... ಅಲ್ಲ, ದನಿ ಅಲ್ಲ... ನಾನು..."

ಬೇರೆಯವರ ಮಾತು ಒಪ್ಪ ಮಾಡಿ ಬದುಕುವವನಿಗೆ ಸ್ವಂತದ್ದೊಂದು ವಾಕ್ಯ ಮುಗಿಸಲು ಬರುತ್ತಿರಲಿಲ್ಲ. ಏನು ಹೇಳಹೊರಟಿದ್ದಾನೆಂದು ನನಗೆ ಗೊತ್ತಿತ್ತು. ಆದರೂ ಅವನ ಮಾತನ್ನು ನಾನು ಮುಗಿಸಲಿಲ್ಲ. ಕಾದೆ.

"ನಿನ್ನನ್ನ ಪ್ರೀತಿಸ್ತೀನಿ," ಎಂದ ಕೊನೆಗೆ. "ದಿನಾ ನಿನ್ನ ಮಾತು ಕೇಳ್ಬೇಕು. ಬೈಗುಳಾನೂ ಸೇರಿ. ನಿಂಗೆ... ನಿಂಗೆ ಒಪ್ಪಿಗೆನಾ?"

"ಹೂಂ," ಎಂದೆ.

"ಏನಂದೆ? ಸರಿಯಾಗಿ ಕೇಳಿಸ್ಲಿಲ್ಲ."

ಉಸಿರಿನ ಸದ್ದನ್ನೂ ಬಿಡದೆ ಹಿಡಿಯುವ ಕಿವಿಗೆ ಕೇಳಿಸಲಿಲ್ಲವಂತೆ! ಕಣ್ಣಲ್ಲಿ ತುಂಟತನ ಕುಣಿಯುತ್ತಿತ್ತು. ಅವನ ಅಂಗಿಯ ಕಾಲರ್ ಹಿಡಿದು ಹತ್ತಿರಕ್ಕೆ ಎಳೆದುಕೊಂಡೆ. ಕಾರಿಡಾರಿನ ಆ ತುದಿಯಲ್ಲಿ ಮೇಡಂ, ಪ್ರೊಫೆಸರ್, ದೊಡ್ಡಮ್ಮ ಮೂವರೂ ತಿರುಗಿ ನೋಡುವ ಹಾಗೆ, ದನಿ ಒಂದಿಷ್ಟೂ ತಗ್ಗಿಸದೆ ಹೇಳಿದೆ:

"ಒಪ್ಪಿಗೆ ಅಂದೆ!"