ಕಾಲ್ಪಟ್ಟಿ ಕಲಿತ ತಪ್ಪು ಪಾಠ

ಬೆಳಿಗ್ಗೆ ಹತ್ತೂವರೆ. ಗದಗಿನ ಡಯಾಲಿಸಿಸ್ ಕೇಂದ್ರದಲ್ಲಿ ಹನ್ನೆರಡು ಕುರ್ಚಿ, ಹನ್ನೆರಡು ಜನ, ಇಪ್ಪತ್ತನಾಲ್ಕು ಕಾಲು. ಕಂಡಮಟ್ಟಿಗೆ ಒಂದೂ ಅಲುಗಾಡುತ್ತಿರಲಿಲ್ಲ. ಎರಡು ವರ್ಷದ ಹಿಂದೆ, ಅಂದರೆ 2056ರಲ್ಲಿ, ಹೀಗಾಗುತ್ತದೆ ಎಂದಿದ್ದರೆ ಅಲ್ಲಿನ ಟೆಕ್ನಿಷಿಯನ್ ಪ್ರಥಮ್ ಕಟ್ಟಿಮನಿ ಬಿದ್ದು ಬಿದ್ದು ನಗುತ್ತಿದ್ದ. ಮೂತ್ರಪಿಂಡ ಸೋತವರ ರಕ್ತವನ್ನು ಯಂತ್ರ ಶುದ್ಧಮಾಡಿ, ಮೈಯಲ್ಲಿ ನಿಂತ ನೀರನ್ನು ಹೊರತೆಗೆಯಲು ನಾಲ್ಕು ತಾಸು ಬೇಕು. ಆ ನಾಲ್ಕು ತಾಸು ಸುಮ್ಮನೆ ಒರಗಿರುವುದೇ ಎಷ್ಟೋ ಜನರಿಗೆ ಶಿಕ್ಷೆ. ಮೀನಖಂಡದೊಳಗೆ ಏನೋ ಹರಿದಾಡುತ್ತದೆ, ಜಗ್ಗುತ್ತದೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಮಾತ್ರ ಸಮಾಧಾನ. ಕೈಗೆ ಸೂಜಿ ಚುಚ್ಚಿರುವಾಗ ಏಳುವುದೆಲ್ಲಿಂದ ಬಂತು!

ಇದಕ್ಕೊಂದು ದಾರಿ ಕಂಡುಹಿಡಿದವಳು ಧಾರವಾಡದ ನರವಿಜ್ಞಾನಿ ತಸ್ಮಿಯಾ ನದಾಫ್. ಅವಳ ಕಾಲ್ಪಟ್ಟಿ ಮೊಣಕಾಲಿನ ಕೆಳಗೆ ಸುತ್ತುವ ಮೆತ್ತನೆಯ ಪಟ್ಟಿ. ಚಡಪಡಿಕೆ ಗೊತ್ತಾಗುವ ಮೊದಲೇ ನರದಲ್ಲಿ ಏಳುವ ಸಣ್ಣ ಅಲೆಯನ್ನು ಅದು ಹಿಡಿಯುತ್ತದೆ. ಕಾಲು ಒಂದಿಂಚೂ ಸರಿಯದ ಹಾಗೆ, 'ನಡೆದದ್ದಾಯಿತು' ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಮಿದುಳು ಪಾಪ, ನಂಬಿ ಸುಮ್ಮನಾಗುತ್ತದೆ. ಒಬ್ಬೊಬ್ಬರ ಅಲೆ ಒಂದೊಂದು ಥರ ಆದ್ದರಿಂದ ಮೊದಲ ಮೂರು ಸಲ ಪಟ್ಟಿ ಪಾಠ ಕಲಿಯಬೇಕು: ಕಾಲಿಗೆ ಹಿಂಸೆಯಾದಾಗಲೆಲ್ಲ ರೋಗಿ ಒಂದು ಗುಂಡಿ ಒತ್ತಬೇಕು, ಅಷ್ಟೆ. ಕೇಂದ್ರಕ್ಕೆ ಬರುವ ಎಲ್ಲರಿಗೂ ಇದನ್ನು ಕಟ್ಟುತ್ತಿದ್ದರು. ನೂರಕ್ಕೆ ತೊಂಬತ್ತಾರು ಮಂದಿ ನೆಮ್ಮದಿಯಾಗಿದ್ದಾರೆ ಎಂದು ತಸ್ಮಿಯಾಳ ವರದಿ ಹೇಳುತ್ತಿತ್ತು.

ಏಳನೇ ಕುರ್ಚಿಯಲ್ಲಿ ನಿವೃತ್ತ ಮುಖ್ಯಶಿಕ್ಷಕಿ ಸುವರ್ಣಾ ಕಬ್ಬೂರ; ಪ್ರಥಮ್‌ಗೆ ಶಾಲೆಯಲ್ಲಿ ಪಾಠ ಹೇಳಿದ 'ಅಕ್ಕೋರು'. ಮೂರನೇ ತಾಸು ಮುಗಿಯಿತೋ ಇಲ್ಲವೋ, ಅವರ ಮಾತು ಹೊರಟಿತು.

"ಸಾಕಪಾ ಪ್ರಥಮ್, ಸೂಜಿ ತಗಿ. ಮನ್ಯಾಗ ಕೆಲಸ ಐತಿ."

"ಅಕ್ಕೋರ, ಇನ್ನೊಂದು ತಾಸು ಐತ್ರಿ. ಮೈಯಾಗ ಒಂದು ಕಿಲೋ ನೀರು ಹಂಗ ಉಳದೈತಿ."

"ತಗಿ ಅಂದ್ನೆಲ್ಲ!"

ಇದು ಬರೀ ಹಠವಾಗಿದ್ದರೆ ಹಾಳಾಗಲಿ ಎನ್ನಬಹುದಿತ್ತು. ಅವರ ತಮ್ಮ ಈರಣ್ಣ ಒಂದು ಕಿಡ್ನಿ ಕೊಡಲು ಒಪ್ಪಿ, ಪರೀಕ್ಷೆಗಳನ್ನೆಲ್ಲ ಮುಗಿಸಿ ಕಾಯುತ್ತಿದ್ದ. ಆದರೆ ಪ್ರತಿ ಸಲ ಒಳಗೇ ಉಳಿಯುವ ನೀರು ಸುವರ್ಣಾರ ಹೃದಯವನ್ನು ಹಿಗ್ಗಿಸಿತ್ತು. ಒಂದು ತಿಂಗಳು ತಪ್ಪದೆ ನಾಲ್ಕು ತಾಸು ಪೂರೈಸಿ ಹೃದಯ ಚೇತರಿಸಿಕೊಂಡರೆ ಮಾತ್ರ ಆಪರೇಷನ್, ಇಲ್ಲದಿದ್ದರೆ ಇಲ್ಲ ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿದ್ದರು.

ಅಂದು ತಸ್ಮಿಯಾ ಪಟ್ಟಿಗಳನ್ನು ನೋಡಲು ಬಂದಿದ್ದಳು. ಏಳನೇ ಕುರ್ಚಿಯ ಪಟ್ಟಿಯ ಲೆಕ್ಕ ತೋರಿಸುವ ಪರದೆ ಪೂರ್ತಿ ಹಸಿರು, ಅಂದರೆ ಎಲ್ಲ ನೆಮ್ಮದಿ. ಪಾಠ ಕಲಿಸುವ ಆ ಮೂರು ಸಲದಲ್ಲಿ ಗುಂಡಿ ಒತ್ತಿದ್ದು ಸೊನ್ನೆ ಸಲ.

"ಇವರಿಗೆ ಕಾಲಿನ ತೊಂದರೆನ ಇಲ್ಲ ಪ್ರಥಮ್. ಕುಂದರಾಕ ಮನಸ್ಸಿಲ್ಲ, ಅಷ್ಟ."

"ಹಂಗಂದ್ರ ಇದನ್ನ ನೋಡ್ರಿ ಮೇಡಂ," ಪ್ರಥಮ್ ಒಂದು ಚಾದರ ಬಿಡಿಸಿ ಹಿಡಿದ. "ಉಳದವರ ಚಾದರ ವರ್ಷ ಬಾಳಿಕಿ ಬರ್ತಾವು. ಅಕ್ಕೋರ್ದು ತಿಂಗಳಿಗೊಂದು ಹರೀತೈತಿ. ಅದೂ ಹಿಮ್ಮಡ ಇಡೋ ಜಾಗದಾಗ."

ತಸ್ಮಿಯಾ ಹರಿದ ಜಾಗವನ್ನು ಬೆರಳಿಂದ ಸವರಿ ನೋಡಿದಳು. ಸ್ಟೂಲು ಎಳೆದುಕೊಂಡು ಸುವರ್ಣಾರ ಪಕ್ಕ ಕೂತಳು.

"ಅಕ್ಕೋರ, ಕಾಲು ಹೆಂಗದಾವ್ರಿ?"

"ಭಾಳ ಚೊಲೊ ಅದಾವು."

"ಮತ್ತ ಈ ಚಾದರ?"

ಸುವರ್ಣಾ ಮುಖ ಆಚೆ ತಿರುಗಿಸಿದರು. ಆಮೇಲೆ ತಡೆಯಲಾಗಲಿಲ್ಲ. "ಏನಂತ ಹೇಳ್ಲೆವಾ? ಮೂವತ್ತೈದು ವರ್ಷ ಹುಡುಗರಿಗೆ ಕಾಲು ಕುಣಸಬ್ಯಾಡ್ರಿ, ದರಿದ್ರ ಬರತೈತಿ ಅಂತ ಬೈದಾಕಿ ನಾ. ಈ ಪ್ರಥಮ್‌ಗ ಎಷ್ಟು ಏಟು ಕೊಟ್ಟೇನಿ ಕೇಳು. ಈಗ ಅವನ ಮುಂದ ನಾನ ಕಾಲು ಕುಣಸ್ಕೋತ ಕುಂದರ್ಲೇನು? ನನ್ನ ಕಾಲು ನನ್ನ ಮಾತು ಕೇಳವಲ್ವು ಅಂತ ಗುಂಡಿ ಒತ್ತಿ ಡಂಗುರ ಹೊಡೀಲೇನು? ನಾಚಿಕಿ ಬರತೈತಿವಾ!" ಕಣ್ಣಿಂದ ನೀರು ಇಳಿಯಿತು.

ತಸ್ಮಿಯಾಗೆ ಎಲ್ಲವೂ ಅರ್ಥವಾಯಿತು. ಗುಂಡಿ ಒತ್ತದೆ ಹಲ್ಲು ಕಚ್ಚಿ ಕೂತ ಆ ಮೂರು ಸಲದಲ್ಲಿ ಪಟ್ಟಿ ಪಾಠವನ್ನೇನೋ ಕಲಿತಿತ್ತು, ಆದರೆ ಸುವರ್ಣಾರ ಯಾತನೆಯನ್ನೇ ನೆಮ್ಮದಿ ಎಂದು ಕಲಿತುಬಿಟ್ಟಿತ್ತು.

"ತಪ್ಪು ನಂದ್ರಿ ಅಕ್ಕೋರ. ನರದ ಬಗ್ಗೆ ಎಲ್ಲಾ ಓದೇನಿ. ನಾಚಿಕಿ ಬಗ್ಗೆ ಏನೂ ಓದಿಲ್ಲ." ಅವಳು ಪಟ್ಟಿಯ ನೆನಪನ್ನೆಲ್ಲ ಅಳಿಸಿದಳು. "ಈಗ ಇದಕ್ಕ ಏನೂ ತಿಳಿಯಂಗಿಲ್ಲ. ಒಂದನೇತ್ತಾ ಓದೋ ಹುಡುಗ ಅಂತ ತಿಳ್ಕೋರಿ. ನೀವ ಕಲಿಸ್ಬೇಕು."

ಸುವರ್ಣಾ ಕಣ್ಣೊರೆಸಿಕೊಂಡು ಕನ್ನಡಕ ಸರಿಮಾಡಿಕೊಂಡರು. "ಒಂದನೇತ್ತಾ ಅಂದ್ರ ನಾ ಎಂದೂ ಹಿಂದ ಸರದಾಕಿ ಅಲ್ಲ."

ಮುಂದಿನ ಸಲ ಇನ್ನೂರ ಹನ್ನೆರಡು ಬಾರಿ ಗುಂಡಿ ಒತ್ತಿದರು. ಒತ್ತಿದಾಗಲೆಲ್ಲ "ಬಂತು ನೋಡು, ಇದನ್ನ ಛಂದಗೆ ಕಲಿ" ಎಂದು ಪಟ್ಟಿಗೆ ಗದರುತ್ತಿದ್ದರು. ಪ್ರಥಮ್ ನಕ್ಕರೆ ಅವನಿಗೂ ಒಂದು ಗದರಿಕೆ. ನಾಲ್ಕನೇ ಸಲ ಅವರು ಕುರ್ಚಿಯಲ್ಲೇ ನಿದ್ದೆ ಹೋದರು. ನಾಲ್ಕು ತಾಸು ಮುಗಿದು ಪ್ರಥಮ್ ಸೂಜಿ ತೆಗೆಯಲು ಬಂದಾಗ ಕಣ್ಣು ಬಿಟ್ಟು, "ಯಾಕಪಾ, ಇಷ್ಟು ಲಗೂನ?" ಎಂದರು.

ತಿಂಗಳಲ್ಲಿ ಹೃದಯ ತಹಬಂದಿಗೆ ಬಂತು. ಅದರ ಮುಂದಿನ ತಿಂಗಳು ಈರಣ್ಣನ ಕಿಡ್ನಿ ಅಕ್ಕನ ಹೊಟ್ಟೆ ಸೇರಿತು.

ತಸ್ಮಿಯಾ ಎಲ್ಲರೂ ಹೊಗಳಿದ್ದ ತನ್ನ ವರದಿಯನ್ನು ಮತ್ತೆ ತೆರೆದಳು. ಹಲವು ಊರುಗಳ ಕೇಂದ್ರಗಳಲ್ಲಿ ಪಟ್ಟಿ ಕಟ್ಟಿಸಿಕೊಂಡ ಸಾವಿರದ ಇನ್ನೂರ ನಲವತ್ತು ಜನರಲ್ಲಿ ನಾನೂರ ಮೂವತ್ತೊಂದು ಮಂದಿ ಒಮ್ಮೆಯೂ ಗುಂಡಿ ಒತ್ತಿರಲಿಲ್ಲ. ಅವರನ್ನೆಲ್ಲ ತೊಂದರೆ ಇಲ್ಲದವರ ಲೆಕ್ಕಕ್ಕೆ ಸೇರಿಸಿದ್ದಳು. ಈಗ ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗಿ ಪಕ್ಕದಲ್ಲಿ ಕೂತು ಕೇಳಿದಳು. ಅರ್ಧಕ್ಕಿಂತ ಹೆಚ್ಚು ಜನ ಹಲ್ಲು ಕಚ್ಚಿಕೊಂಡಿದ್ದವರೇ. ತಾನು ತಪ್ಪಿದ್ದೆ ಎಂದು ತನ್ನ ಹೆಸರಿನಲ್ಲೇ ಪ್ರಕಟಿಸಿದಳು. ಪಟ್ಟಿ ಕಟ್ಟುವ ಮೊದಲು ಒಬ್ಬ ಮನುಷ್ಯ ಪಕ್ಕದಲ್ಲಿ ಕೂತು ಹತ್ತು ನಿಮಿಷ ಕೇಳಲೇಬೇಕು ಎಂಬ ನಿಯಮ ಬಂತು. ಹಾಗೆ ಕೇಳಿದ ಮೇಲೆ ಕೆಲವರಿಗೆ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇರುವುದು ಗೊತ್ತಾಗಿ, ಅದನ್ನು ಸರಿಪಡಿಸಿದ್ದರಿಂದಲೇ ಕಾಲು ಸುಮ್ಮನಾದವು. ಆ ಹತ್ತು ನಿಮಿಷಕ್ಕೆ ಬ್ಯಾಟರಿ ಬೇಡ, ತಂತಿ ಬೇಡ, 2058 ಬರುವವರೆಗೆ ಕಾಯುವುದಂತೂ ಬೇಡವೇ ಬೇಡ.

ವರ್ಷದ ನಂತರ ಸುವರ್ಣಾ, ಆ ಹತ್ತು ನಿಮಿಷ ಕೇಳುವ ಕೆಲಸಕ್ಕೆಂದು, ಮಾಸ್ಕ್ ಕಟ್ಟಿಕೊಂಡು ಅದೇ ಕೇಂದ್ರಕ್ಕೆ ಬಂದರು. ಬಳ್ಳಾರಿ ಕಡೆಯಿಂದ ಹೊಸದಾಗಿ ಬಂದಿದ್ದ ಲಾರಿ ಚಾಲಕನೊಬ್ಬನ ಪಕ್ಕ ಸ್ಟೂಲು ಎಳೆದುಕೊಂಡು ಕೂತರು.

"ಕಾಲು ಹೆಂಗದಾವಪಾ?"

"ಆರಾಮ ಅದಾವ್ರಿ."

"ಖರೇ ಹೇಳು."

ಆತ ಚಾದರ ಸರಿಸಿ ಮೀನಖಂಡ ತೋರಿಸಿದ.

"ಕಾಲು ಹಿಂಗ ಕಾಡಾಕ ಹತ್ತಿ ಹನ್ನೊಂದು ವರ್ಷ ಆತ್ರಿ," ಎಂದ. "ಇದನ್ನ ಯಾರೂ ಕೇಳಿದ್ದಿಲ್ಲ."