ಒಡಪಿನ ಕೀಲಿ

"ದ್ಯಾಮವ್ವ ಬಂದಳು ನೋಡ್ರಿ, ಜಮಖಂಡಿ ಬಸ್ಸಿನಂಗ. ಹೊತ್ತ ಮೀರಿ, ತುಂಬಿ ತುಳಕಿ!"

ಗಾಜು ಹೀಗೆಂದಾಗ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಪಕ್ಕದ ಮನೆಯ ದ್ಯಾಮವ್ವ ಬಾಯಿಗೆ ಸೆರಗು ಹಚ್ಚಿ ನಕ್ಕಳು.

"ಮಂಚ ಹಿಡದ್ರೂ ಇವರ ನಾಲಿಗಿ ಸುಮ್ಮನಾಗಲಿಲ್ಲ ನೋಡವಾ ಬಾಳವ್ವ" ಎಂದಳು.

ಬಾಳವ್ವ ಹೊಲಿಯುತ್ತಿದ್ದ ಕೌದಿಯಿಂದ ತಲೆ ಎತ್ತದೆಯೇ, "ಸುಮ್ಮನಾಗಿದ್ರ ನಾನರ ಸುಖವಾಗಿ ಇರತಿದ್ದೆ" ಎಂದಳು. ಆದರೆ ಅವಳ ಮುಖ ಹಿಗ್ಗಿತ್ತು.

ಗಾಜು ಊಟದ ತಟ್ಟೆಯಷ್ಟು ಅಗಲವಿತ್ತು. ಗೋಡೆಗೆ ಒರಗಿಸಿ ಇಟ್ಟಿದ್ದರು. ಅದರಿಂದ ಬಂದ ದನಿ, ಎದುರಿನ ಮಂಚದ ಮೇಲೆ ದಿಂಬಿಗೆ ಒರಗಿದ್ದ ಗುರುಸಿದ್ದಪ್ಪನದು. ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸುಗಳ ಹೆಸರು ಕೂಗುವ ಕೆಲಸ ಮಾಡಿ ನಿವೃತ್ತನಾದ ಮನುಷ್ಯ ಅವನು. ಬರೀ ಊರ ಹೆಸರು ಕೂಗಿದರೆ ಅವನಿಗೆ ತೃಪ್ತಿಯಾಗುತ್ತಿರಲಿಲ್ಲ. ಪ್ರತಿ ಬಸ್ಸಿಗೂ ಒಂದು ಚೇಷ್ಟೆಯ ಮಾತು ಸೇರಿಸುತ್ತಿದ್ದ. ಬಸ್ಸು ತಪ್ಪಿಸಿಕೊಂಡವರೂ ಅವನ ಮಾತು ಕೇಳುತ್ತ ಕೂಡುತ್ತಿದ್ದರು. ಒಂದು ದಿನ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ, ಕೈ ಕಾಲು ನಾಲಿಗೆ ಎಲ್ಲವೂ ನಿಂತವು. ಕಿವಿ ಕೇಳುತ್ತಿತ್ತು, ಬುದ್ಧಿ ಮೊದಲಿನಂತೆಯೇ ಇತ್ತು. ಅವನ ಇಚ್ಛೆಯಂತೆ ಅಲುಗುತ್ತಿದ್ದದ್ದು ಕಣ್ಣುಗಳು ಮಾತ್ರ.

ಅಂಥವರಿಗಾಗಿ ಬಂದದ್ದೇ ಮಾತುಗನ್ನಡಿ. ಗಾಜಿನ ಮೇಲೆ ಅಕ್ಷರಗಳು ಮೂಡುತ್ತಿದ್ದವು. ರೋಗಿಯ ಕಣ್ಣುಗುಡ್ಡೆ ಯಾವ ಅಕ್ಷರದ ಮೇಲೆ ನಿಂತಿತು ಎಂಬುದನ್ನು ಕನ್ನಡಿ ಗುರುತಿಸುತ್ತಿತ್ತು. ಎರಡು ಮೂರು ಅಕ್ಷರ ಆಗುವುದರೊಳಗೆ ಇಡೀ ಮಾತನ್ನು ಊಹಿಸಿ, ಅವನದೇ ದನಿಯಲ್ಲಿ ಹೇಳಿಬಿಡುತ್ತಿತ್ತು. ದನಿಯನ್ನು ನಿಲ್ದಾಣದ ಹಳೆಯ ಧ್ವನಿಮುದ್ರಣಗಳಿಂದ ತೆಗೆದುಕೊಂಡಿದ್ದರು.

ಆದರೆ ಈ ಜಾಣತನ ಗಾಜಿನೊಳಗೆ ಇರಲಿಲ್ಲ. ಮನೆಮನೆಯಲ್ಲಿ ಕಂಪ್ಯೂಟರು ಇಟ್ಟುಕೊಳ್ಳುವ ಕಾಲ ಆಗಲೇ ಮುಗಿದಿತ್ತು. ಜನರ ಫೋಟೊ, ಪತ್ರ, ಲೆಕ್ಕ, ವೈದ್ಯರ ವರದಿ ಎಲ್ಲವೂ ದೂರದ ದೊಡ್ಡ ಕಟ್ಟಡಗಳಲ್ಲಿ ಸಾಲಾಗಿ ನಿಂತ ಯಂತ್ರಗಳಲ್ಲಿದ್ದವು. ಆ ಏರ್ಪಾಟಿಗೆ 'ಮುಗಿಲ ಕಣಜ' ಎಂದು ಹೆಸರು. ಮನೆಯಲ್ಲಿ ಉಳಿದದ್ದು ಬರೀ ಗಾಜು. ಅದು ಒಡೆದರೆ ಇನ್ನೊಂದನ್ನು ತಂದು ಹಚ್ಚಿದರಾಯಿತು. ಗುರುಸಿದ್ದಪ್ಪನ ಕಣ್ಣಿನ ಚಲನೆಯನ್ನು ಕಣಜ ವರ್ಷಗಟ್ಟಲೆ ನೋಡಿ ಕಲಿತಿತ್ತು. ಅವನು ಯಾವಾಗ ರೇಗುತ್ತಾನೆ, ಯಾರು ಬಂದರೆ ಚೇಷ್ಟೆ ಮಾಡುತ್ತಾನೆ ಎಂಬುದೂ ಅದಕ್ಕೆ ಗೊತ್ತಿತ್ತು.

ಅದರಿಂದ ಆದ ಉಪಕಾರ ಸಣ್ಣದಲ್ಲ. ಹಿಂದಿನ ಮಳೆಗಾಲದಲ್ಲಿ ಘಟಪ್ರಭೆಯ ಹಿನ್ನೀರು ಓಣಿಗೆ ನುಗ್ಗಿದಾಗ ಗಾಜು ತೇಲಿಹೋಯಿತು. ಗುರುಸಿದ್ದಪ್ಪನನ್ನು ಮಂಚದ ಸಮೇತ ಹೊತ್ತು ಒಂದು ಶಾಲೆಗೆ ಸಾಗಿಸಿದರು. ಅಲ್ಲಿ ಯಾರದೋ ಗಾಜನ್ನು ಅವನ ಮುಂದೆ ಹಿಡಿದದ್ದೇ ತಡ, "ನೀರಿನ ಬಸ್ಸು ಬಂತು, ಟಿಕೆಟ್ ಇಲ್ಲದವರೂ ಹತ್ತರಿ" ಎಂದಿತು. ನೆಂದು ನಡುಗುತ್ತಿದ್ದ ಜನ ಹೊಟ್ಟೆ ಹಿಡಿದು ನಕ್ಕಿದ್ದರು.

ಅಂಥ ಕಣಜ ಒಂದು ಮುಂಜಾನೆ ಬಾಗಿಲು ಮುಚ್ಚಿತು.

ಕಂಪನಿಯವರು ಯಂತ್ರಗಳನ್ನು ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸಿದ್ದರು. ಹೀಗಾಗಿ ಖಾತೆಯುಳ್ಳವರೆಲ್ಲ ತಾವು ಯಾರೆಂದು ಮತ್ತೊಮ್ಮೆ ತೋರಿಸಿಕೊಡಬೇಕಿತ್ತು. ಗುರುಸಿದ್ದಪ್ಪನಿಗೆ ಮಾತು ಇರಲಿಲ್ಲವಾದ್ದರಿಂದ ಖಾತೆ ಬಾಳವ್ವನ ಹೆಸರಿನಲ್ಲಿತ್ತು. ಅಕ್ಷರಗಳು ಇರಬೇಕಾದ ಜಾಗದಲ್ಲಿ ಖಾಲಿ ಗಾಜು ಹೊಳೆಯಿತು. ಗುರುತಿಲ್ಲದ ಒಂದು ಹೆಣ್ಣುದನಿ ಕೇಳಿತು: "ನಿಮ್ಮ ಯಜಮಾನರ ಹೆಸರು ಹೇಳಿ."

ಬಾಳವ್ವ ಸೂಜಿ ಬದಿಗಿಟ್ಟು, ಸೆರಗು ಸರಿಮಾಡಿಕೊಂಡು ಹೇಳಿದಳು:

"ಬಾಗಲಕೋಟಿ ಬಸ್ಸಿಗೆ ಬಾಗಿಲ ಎರಡು, ಗುರುಸಿದ್ದಪ್ಪನೋರ ಸಿಟ್ಟು ಬರೇ ಬರಡು."

"ಹೊಂದುವುದಿಲ್ಲ" ಎಂದಿತು ಗಾಜು.

* * *

ಮಾತುಗನ್ನಡಿಯನ್ನು ರೂಪಿಸಿದವರಲ್ಲಿ ಒಬ್ಬಳಾದ ವಿಜ್ಞಾನಿ ಸುಮೇಧಾ ಕಟಗೇರಿ ಧಾರವಾಡದಿಂದ ತಾನೇ ಬಂದಳು. ಈ ಮನೆಯಲ್ಲಿ ಕನ್ನಡಿ ಹಚ್ಚಿಕೊಟ್ಟವಳೂ ಅವಳೇ.

"ಮೊದಲನೇ ದಿನ ನೀವು ಹೆಸರು ಹೇಳಿದ್ರಲ್ಲಾ, ಕಣಜ ಅದನ್ನ ದನಿಕೀಲಿ ಮಾಡಿಕೊಂಡದ" ಎಂದಳು. "ದನಿಯೂ ಕೂಡಬೇಕು, ಶಬ್ದಗಳೂ ಕೂಡಬೇಕು. ಆ ದಿನ ಹೇಳಿದ್ದನ್ನೇ ಹೇಳ್ರಿ, ತೆರೀತದ."

"ಆ ದಿನ ಯಾವುದು ಹೇಳಿದೆನೋ ಯಾರಿಗೆ ನೆನಪೈತಿ? ಹೊತ್ತಿಗೊಂದು ಒಡಪು ಹೇಳಾಕಿ ನಾನವಾ."

ಗಂಡನ ಹೆಸರನ್ನು ನೇರವಾಗಿ ಹೇಳದೆ, ಎರಡು ಪ್ರಾಸದ ಸಾಲಿನಲ್ಲಿ ಸೇರಿಸಿ ಹೇಳುವುದು ಆ ಸೀಮೆಯ ರೂಢಿ. ಅದಕ್ಕೆ ಒಡಪು ಎನ್ನುತ್ತಾರೆ. ಮದುವೆ ಮುಂಜಿಯಲ್ಲಿ ಬಾಗಿಲು ಅಡ್ಡಗಟ್ಟಿ ಹೆಂಗಸರು ಒಡಪು ಕೇಳದೆ ಬಿಡುವುದಿಲ್ಲ. ಉಳಿದವರಿಗೆ ಅದೊಂದು ಆಟವಾಗಿ ಉಳಿದಿತ್ತು. ಬಾಳವ್ವನಿಗೆ ಅದೇ ನಡಾವಳಿ. ಮೊದಲನೇ ದಿನ ಕನ್ನಡಿ ಕೇಳಿದಾಗಲೂ ಅವಳು ಬಾಯಿಗೆ ಬಂದ ಒಡಪು ಹೇಳಿದ್ದಳು. ಕಣಜ ಅದನ್ನು ಇಡಿಯಾಗಿ ಕೀಲಿ ಮಾಡಿಕೊಂಡಿತ್ತು. ಅಂದು ಸುಮೇಧಾ ನಕ್ಕು, ಇದನ್ನು ಯಾವ ಕಳ್ಳನೂ ಊಹಿಸಲಾರ ಎಂದುಕೊಂಡಿದ್ದಳು. ಯಜಮಾನಿಯೇ ಮರೆತಾಳು ಎಂಬುದು ಅವಳಿಗೆ ಹೊಳೆದಿರಲಿಲ್ಲ. ಎಷ್ಟೋ ಮನೆಗಳಲ್ಲಿ ಕನ್ನಡಿ ಹಚ್ಚಿದ ಅವಳಿಗೂ ಆ ಸಾಲು ಈಗ ನೆನಪಿರಲಿಲ್ಲ.

"ನೀವ ಕಟ್ಟಿದ್ದಲ್ಲೇನು? ನೀವ ತೆಗೀರಿ" ಎಂದಳು ಬಾಳವ್ವ.

"ನಮಗೂ ಬರೂದಿಲ್ಲರೀ. ನಿಮ್ಮ ಮಾತು ನಮ್ಮ ಕಡೆ ಉಳಿಯೂದಿಲ್ಲ. ನಮಗ ತೆಗೀಲಿಕ್ಕೆ ಬಂದ್ರ ಕಳ್ಳರಿಗೂ ಬರತದ. ಅದಕ್ಕ ಹಂಗ ಮಾಡೇವಿ."

ಬಾಳವ್ವ ಅದನ್ನು ಸ್ವಲ್ಪ ಹೊತ್ತು ತೂಗಿ ನೋಡಿದಳು. "ನಮ್ಮವ್ವನ ಮನಿಯಾಗ ಹಗೇವು ಇತ್ತು. ನೆಲದಾಗ ತೋಡಿ, ಜೋಳ ತುಂಬಿ, ಬಾಯಿ ಮುಚ್ಚತಿದ್ರು. ಹುಳ ಹತ್ತತಿತ್ತು, ನೀರ ಇಳೀತಿತ್ತು, ಇಲ್ಲ ಅನ್ನಂಗಿಲ್ಲ. ಆದ್ರ ಅಂಗಳದಾಗ ಇತ್ತವಾ. ಕೆಟ್ರ ಕೆಟ್ಟದ್ದು ನಮಗ ಕಾಣತಿತ್ತು. ನಿಮ್ಮದು ಮುಗಿಲಾಗಿನ ಹಗೇವು. ಕೆಡಾಂಗಿಲ್ಲ, ಖರೆ. ಆದ್ರ ನಿಚ್ಚಣಿಕಿ ಎಲ್ಲಿ ಹಚ್ಚಲಿ?"

ಅಲ್ಲೇ ಕೂತಿದ್ದ ದ್ಯಾಮವ್ವ ನಡುವೆ ಬಾಯಿ ಹಾಕಿದಳು. "ಯವ್ವಾ, ಸುಮ್ನ ಹೆಸರ ಹೇಳಿಬಿಡಬಾರದ? ಒಡಪಿನಾಗರ ಹೆಸರು ಇದ್ದ ಇರತದಲ್ಲ."

"ಹೂವಿನಾಗ ಇಟ್ಟು ಕೊಡೂದು ಬ್ಯಾರೆ, ಅಂಗೈಯಾಗ ಒಗಿಯೂದು ಬ್ಯಾರೆ."

"ಇವರು ಮಾತಾಡೂದು ಬೇಕೋ, ನಿನ್ನ ಹೂವು ಬೇಕೋ?"

ಬಾಳವ್ವ ಮಂಚದತ್ತ ನೋಡಲಿಲ್ಲ. ಗಾಜಿನ ಎದುರು ಹೋಗಿ, ಕಣ್ಣು ಮುಚ್ಚಿಕೊಂಡು, ಬಿಸಿ ಪಾತ್ರೆ ಮುಟ್ಟಿದವಳಂತೆ ಅವಸರದಲ್ಲಿ ಅಂದುಬಿಟ್ಟಳು: "ಗುರುಸಿದ್ದಪ್ಪ."

ದ್ಯಾಮವ್ವ ಗಾಜಿನತ್ತ ಬಗ್ಗಿದಳು.

"ಹೊಂದುವುದಿಲ್ಲ" ಎಂದಿತು ಗಾಜು. "ಖಾತೆಯ ಒಡತಿ ಹೀಗೆ ಹೇಳುವವರಲ್ಲ. ಇನ್ನೊಮ್ಮೆ ತಪ್ಪಿದರೆ ಈ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗುವುದು."

"ನಾ ಬಾಳವ್ವ ಅಲ್ಲ ಅಂತೈತೇನು?" ಬಾಳವ್ವ ಗಾಜಿನತ್ತ ಕೈ ತೋರಿಸಿದಳು. "ನನ್ನ ಬಾಯಿಲೆ ಹೇಳಿಸಿ, ಆಮ್ಯಾಲ ನೀ ಅವಳಲ್ಲ ಅಂದ್ರ ಏನ ಮಾಡಲಿ?"

ಕಣಜ ಅವಳನ್ನು ಚೆನ್ನಾಗಿಯೇ ಕಲಿತಿತ್ತು.

* * *

ಉಳಿದದ್ದು ಒಂದೇ ಅವಕಾಶ. ಸುಮೇಧಾ ಊರಲ್ಲೇ ಉಳಿದಳು. ಓಣಿಯ ಹೆಂಗಸರು ಮಧ್ಯಾಹ್ನದ ಹೊತ್ತು ಬಂದು, ಬಾಳವ್ವ ಯಾರ ಮದುವೆಯಲ್ಲಿ ಏನು ಹೇಳಿದ್ದಳೆಂದು ನೆನಪಿಸತೊಡಗಿದರು. ಗಾಜು ಕೇಳಿಸಿಕೊಳ್ಳದಿರಲೆಂದು ಅದನ್ನು ಆರಿಸಿ ಕೌದಿಯಲ್ಲಿ ಸುತ್ತಿಟ್ಟಿದ್ದರು. ಒಡಪುಗಳಿಗೇನೂ ಕೊರತೆ ಇರಲಿಲ್ಲ. ಕೀಲಿಯಾದದ್ದು ಯಾವುದೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಇತ್ತ ಗುರುಸಿದ್ದಪ್ಪ ಮೂಕನಾಗಿದ್ದ. ಬಾಯಾರಿಕೆಯೋ, ಬೆನ್ನು ನೋವೋ, ಸೆಕೆಯೋ ಹೇಳುವ ದಾರಿ ಇರಲಿಲ್ಲ. ಈ ವರ್ಷಗಳಲ್ಲಿ ಬಾಳವ್ವ ಕೌದಿ ಹೊಲಿಯುತ್ತಲೇ ಅವನೊಡನೆ ಮಾತಾಡಿಕೊಂಡಿದ್ದಳು. ಮಾತು ಕಿವಿಗೆ ಬೀಳುತ್ತಿರುವಾಗ ಮುಖ ಏಕೆ ನೋಡಬೇಕು? ಈಗ ಅವಳು ಮಂಚದ ಅಂಚಿನಲ್ಲಿ ಕೂತು ಅವನ ಕಣ್ಣನ್ನೇ ನೋಡಬೇಕಾಯಿತು. ಹೌದಾದರೆ ಒಮ್ಮೆ, ಅಲ್ಲವಾದರೆ ಎರಡು ಸಲ ರೆಪ್ಪೆ ಮುಚ್ಚಬೇಕೆಂದು ಸುಮೇಧಾ ಹೇಳಿಕೊಟ್ಟಳು.

"ನೀರು ಬೇಕೇನ್ರಿ?" ಎರಡು ಸಲ. "ದಿಂಬ ಸರಸಲೇನು?" ಎರಡು ಸಲ. "ಮತ್ತೇನು ಬೇಕು? ಕಾಲೇನು? ಬೆನ್ನೇನು?" ಹೀಗೆ ಕೇಳುತ್ತ ಕೇಳುತ್ತ, ಕಿವಿಯ ಹಿಂದೆ ಓಡಾಡುತ್ತಿದ್ದ ಒಂದು ಇರುವೆ ಸಿಕ್ಕುವಷ್ಟರಲ್ಲಿ ಅರ್ಧ ತಾಸು ಹೋಗುತ್ತಿತ್ತು. ಅವಳಿಗೆ ಅಳು ಬರುತ್ತಿತ್ತು.

"ಕನ್ನಡಿ ಇದ್ದಿದ್ರ ಇರುವಿ ಅಂತ ಹೇಳತಿದ್ರು" ಎಂದಳು ಸುಮೇಧಾಗೆ. "ಆದ್ರ ಒಂದ ಮಾತ ಕೇಳತೀನಿ. ಎರಡ ಅಕ್ಷರ ನೋಡಿದ್ರ ಉಳಿದದ್ದು ಅದ ಹೇಳತೈತಿ ಅಂದ್ಯಲ್ಲ. ಊಹೆ ತಪ್ಪಿದ್ರ?"

"ಅವರು ಎಡಕ್ಕ ನೋಡಿದ್ರ ಅಳಸತದ. ತಿರುಗಿ ಬರೀಬಹುದು."

"ದಣಿವಾಗಿದ್ರ?"

ತಪ್ಪು ಊಹೆಗಳನ್ನು ಅಳಿಸುವುದು ರೋಗಿಗಳಲ್ಲಿ ಬರಬರುತ್ತ ಕಡಿಮೆಯಾಗುತ್ತದೆ ಎಂಬುದನ್ನು ಸುಮೇಧಾ ಗಮನಿಸಿದ್ದಳು. ಕಣಜ ಚೆನ್ನಾಗಿ ಕಲಿಯುತ್ತಿದೆ ಎಂದೇ ಅದಕ್ಕೆ ಅರ್ಥ ಹಚ್ಚಿದ್ದಳು.

ಆಮೇಲೆ ಅವಳಿಗೆ ಇನ್ನೊಂದು ವಿಚಾರ ಹೊಳೆದು, ಎದ್ದು ನಿಂತಳು. "ಅಯ್ಯ, ಎಂಥ ದಡ್ಡಿ ನಾನು! ಕನ್ನಡಿ ಹಚ್ಚಿದ ದಿನ ನಿಮ್ಮ ರಾಯರು ಇಲ್ಲೇ ಇದ್ರು. ಅವರು ಕೇಳಿಸಿಕೊಂಡಾರ!"

ಅದು ಎಲ್ಲರಿಗೂ ಮೊದಲೇ ತಿಳಿಯಬೇಕಿತ್ತು. ಕೀಲಿಯನ್ನು ಬಲ್ಲ ಒಬ್ಬ ಮನುಷ್ಯ ಮನೆಯಲ್ಲೇ ಇದ್ದ. ಅವನ ಮಾತು ಮಾತ್ರ ಆ ಕೀಲಿಯ ಒಳಗೇ ಸಿಕ್ಕಿತ್ತು.

ಬಾಳವ್ವ ಅವನ ಎದುರು ಕೂತಳು. "ನೆನಪೈತೇನ್ರಿ?" ಒಮ್ಮೆ ಮುಚ್ಚಿದ. ಹೆಂಗಸರೆಲ್ಲ ಹತ್ತಿರ ಸರಿದರು. ಬಾಳವ್ವ ಒಂದೊಂದೇ ಹೇಳತೊಡಗಿದಳು.

"ಹತ್ತು ಬಸ್ ನಿಲ್ಲಸತಾರ ಒಂದ ಕೂಗಿಗೆ, ಗುರುಸಿದ್ದಪ್ಪನೋರು ಹೆದರತಾರ ನನ್ನ ಸೌಟಿಗೆ."

ಎರಡು ಸಲ.

"ಖರೇನ ಹೆದರತಿದ್ರೋ ಇಲ್ಲೋ, ಅದನ್ನ ಕೇಳು" ಎಂದಳು ದ್ಯಾಮವ್ವ. ಅದಕ್ಕೆ ಗುರುಸಿದ್ದಪ್ಪ ಒಮ್ಮೆ ರೆಪ್ಪೆ ಮುಚ್ಚಿದ. ಕೋಣೆಯೆಲ್ಲ ನಗು. ಮಂಚ ಹಿಡಿದ ಮೇಲೆ ಕನ್ನಡಿಯ ಸಹಾಯವಿಲ್ಲದೆ ಅವನು ಮಾಡಿದ ಮೊದಲ ಚೇಷ್ಟೆ ಅದು.

ಒಡಪಿನ ಮೇಲೆ ಒಡಪು ಹೋಯಿತು. ಬಾಳವ್ವನ ಗಂಟಲು ಒಣಗಿತು. ಕೊನೆಗೆ ಎಂದೋ ಮದುವೆಯಾಗಿ ಈ ಮನೆಯ ಹೊಸ್ತಿಲ ಮೇಲೆ ನಿಂತಾಗ ಹೇಳಿದ್ದು ನೆನಪಾಯಿತು. ಅದನ್ನು ಹೇಳುವಾಗ ಅವಳ ದನಿ ತಾನಾಗಿಯೇ ತಗ್ಗಿತು.

"ಹೊಸ ಗಡಿಗ್ಯಾಗ ಹಾಲ ಕಾಸೀನಿ, ಗುರುಸಿದ್ದಪ್ಪನೋರ ಮಾತಿಗೆ ಸೋತೀನಿ."

ಗುರುಸಿದ್ದಪ್ಪ ಅವಳನ್ನೇ ನೋಡುತ್ತಿದ್ದ. ಆಮೇಲೆ ನಿಧಾನವಾಗಿ, ಒಮ್ಮೆ ರೆಪ್ಪೆ ಮುಚ್ಚಿದ.

"ಇದ ಏನ್ರಿ? ನೋಡಿ ಹೇಳ್ರಿ, ಇನ್ನೊಂದು ಸಲ ಇಲ್ಲ." ಮತ್ತೆ ಒಮ್ಮೆ.

ಗಾಜನ್ನು ಹೊರತೆಗೆದು ಒರೆಸಿ ನಿಲ್ಲಿಸಿದರು. ಹೆಂಗಸರು ದೇವರಿಗೆ ಕೈ ಮುಗಿದರು. ಅದು ಕೇಳಿದ್ದನ್ನೇ ಕೇಳಿತು. ಬಾಳವ್ವ ಒಂದಕ್ಷರ ತಪ್ಪದೆ ಒಡಪು ಹೇಳಿದಳು.

"ಹೊಂದುವುದಿಲ್ಲ. ಈ ಖಾತೆಯನ್ನು ಮುಚ್ಚಲಾಗಿದೆ. ನಮಸ್ಕಾರ."

ಗಾಜು ಕಪ್ಪಾಯಿತು.

ದ್ಯಾಮವ್ವ ಉಳಿದವರನ್ನು ಕರೆದುಕೊಂಡು ಸದ್ದಿಲ್ಲದೆ ಹೊರಗೆ ಹೋದಳು. ಸುಮೇಧಾ ಬಾಳವ್ವನ ಭುಜ ಹಿಡಿದುಕೊಂಡಳು. "ಅಂಜಬ್ಯಾಡ್ರಿ. ಹೊಸ ಖಾತೆ ತೆಗೆಯೂಣು. ಮೊದಲಿಂದ ಕಲಸಬೇಕಾಗತದ, ಒಂದು ವರ್ಷ ಹಿಡೀಬಹುದು. ಆದ್ರ ಮಾತು ಬರತದ. ಆಗಬಹುದೇನ್ರಿ, ರಾಯರ?"

ಗುರುಸಿದ್ದಪ್ಪ ಎರಡು ಸಲ ರೆಪ್ಪೆ ಮುಚ್ಚಿದ.

ಸುಮೇಧಾಗೆ ತಿಳಿಯಲಿಲ್ಲ. ಮತ್ತೆ ಕೇಳಿದಳು. ಮತ್ತೆ ಎರಡು ಸಲ.

ಬಾಳವ್ವನಿಗೆ ತಿಳಿಯಿತು. ಅವಳು ಅವನ ಮುಖದ ಮೇಲೆ ಬಾಗಿದಳು.

"ನಾ ಅವತ್ತ ಹೇಳಿದ್ದು ಇದಲ್ಲೇನು?"

ಎರಡು ಸಲ.

"ಅಲ್ಲ ಅಂತ ನಿಮಗ ಗೊತ್ತಿತ್ತು?"

ಒಮ್ಮೆ.

"ಗೊತ್ತಿದ್ದೂ ಹೂಂ ಅಂದ್ರಿ!" ಸಿಟ್ಟಿನಿಂದ ಅವಳ ಗಲ್ಲ ಅದುರಿತು. "ಊರ ಮಂದಿ ಮುಂದ ನಿಮ್ಮ ಹೆಸರ ಬಿಚ್ಚಿ ಹೇಳೀನಿ ನಾನು! ಯಾರಿಗಾಗಿ ಹೇಳೀನಿ?" ಅದು ರೆಪ್ಪೆಯಿಂದ ಉತ್ತರಿಸುವ ಪ್ರಶ್ನೆಯಾಗಿರಲಿಲ್ಲ. ಅವನ ಕಣ್ಣಂಚಿನಲ್ಲಿ ನೀರು ತುಂಬಿತು. ಅವಳು ಸೆರಗಿನಿಂದ ಅದನ್ನು ಒರೆಸಿ, ದನಿ ತಗ್ಗಿಸಿ ಕೇಳಿದಳು: "ಅದರಾಗ ಬರತಿದ್ದ ಮಾತು ನಿಮ್ಮವಲ್ಲೇನು?"

ಅವನು ಒಮ್ಮೆ ಮುಚ್ಚಿದ. ಸ್ವಲ್ಪ ತಡೆದು ಎರಡು ಸಲ ಮುಚ್ಚಿದ. ಮತ್ತೆ ತಡೆದು ಒಮ್ಮೆ. ಕೆಲವು ಅವನವು, ಕೆಲವು ಅಲ್ಲ.

ಸುಮೇಧಾ ಕಿಟಕಿಯ ಕಡೆ ತಿರುಗಿದಳು. ದ್ಯಾಮವ್ವನಿಗೆ ಮಾಡಿದ ಬಸ್ಸಿನ ಚೇಷ್ಟೆ ಯಾರದಾಗಿತ್ತು, ಶಾಲೆಯಲ್ಲಿ ನೆಂದ ಜನರನ್ನು ನಗಿಸಿದವರು ಯಾರು ಎಂಬುದನ್ನು ಇನ್ನು ಯಾವ ಯಂತ್ರವೂ ವಿಂಗಡಿಸಿ ಹೇಳುವಂತಿರಲಿಲ್ಲ.

ಬಾಳವ್ವನದು ಮೊದಲಿನಿಂದಲೂ ಲೆಕ್ಕ ಹಾಕಿ ನಡೆಯುವ ಬದುಕು. ಸಿಟ್ಟು ಇಳಿಯುತ್ತಿದ್ದಂತೆ ಮುಂದಿನ ದಿನಗಳು ಕಾಣತೊಡಗಿದವು.

"ನೋಡ್ರಿ" ಎಂದಳು. "ಇನ್ನ ಮ್ಯಾಲ ನಾ ಕೇಳಿದ್ದಕ್ಕ ಅಷ್ಟ ಉತ್ತರ. ನಾ ಏನ ಕೇಳಬೇಕು ಅಂತ ನನಗ ಹೊಳೀಲಿಲ್ಲಂದ್ರ ಅದು ನಿಮ್ಮ ಹೊಟ್ಟ್ಯಾಗ ಉಳೀತೈತಿ. ನಾ ಎಲ್ಲಾ ಕೇಳಾಕ ಶಾಣ್ಯಾಕಿ ಅಲ್ಲ. ಆದರೂ ಕನ್ನಡಿ ಬ್ಯಾಡ, ಇದ ಇರಲೇನು?"

ಗುರುಸಿದ್ದಪ್ಪ ಒಮ್ಮೆ ರೆಪ್ಪೆ ಮುಚ್ಚಿ ತೆರೆದ.

ಬಾಳವ್ವ ಎರಡನೆಯದಕ್ಕೆ ಬಹಳ ಹೊತ್ತು ಕಾದಳು. ಅದು ಬರಲಿಲ್ಲ.