ರಾಜನ ಬೆನ್ನು

“ಗಂಟಲು ಕಟ್ಟಿದ್ದು ಯಾರಿಗೆ?” ಗೋಲಿ ಹಾಸಿಗೆಯ ಮೇಲಿಂದಲೇ ಕೇಳಿದಳು.

“ನಾಟಕದ ರಾಜನಿಗೆ,” ಅಮ್ಮ ಫೋನು ಕೆಳಗಿಟ್ಟಳು. “ಸ್ವರವೇ ಹೊರಡ್ತಿಲ್ಲವಂತೆ. ಇವತ್ತಿನ ನಾಟಕ ನಾಳೆಗೆ ಹೋಯ್ತು.”

ಗೋಲಿ ದಡಕ್ಕನೆ ಎದ್ದು ಕೂತಳು. ನಾಳೆ ಸಂಜೆ ಅವಳು ನೋಡಬೇಕೆಂದಿದ್ದ ಫುಟ್‌ಬಾಲ್ ಮ್ಯಾಚ್ ಇತ್ತು.

ಗೋಲಿ ಅವಳ ನಿಜವಾದ ಹೆಸರಲ್ಲ. ಶಾಲೆಯ ಟೀಮಿನಲ್ಲಿ ಗೋಲ್‌ಕೀಪರ್ ಆದ ಮೇಲೆ ಎಲ್ಲರ ಬಾಯಲ್ಲೂ ಅವಳು ಗೋಲಿ. ಅವಳ ಅಮ್ಮ ಆಸ್ಪತ್ರೆಯ ಸ್ಕ್ಯಾನಿಂಗ್ ಮೆಷಿನ್‌ಗಳನ್ನು ರಿಪೇರಿ ಮಾಡುವವಳು. ಹೊಸ ಮೆಷಿನ್‌ನ ಟ್ರೇನಿಂಗ್‌ಗೆಂದು ಈ ಪರದೇಶಕ್ಕೆ ಬಂದಿದ್ದಳು. ಹೇಗೂ ಶಾಲೆಗೆ ರಜೆ. ಗೋಲಿಯೂ ಅಜ್ಜಿಯೂ ಜೊತೆಗೆ ಹೊರಟಿದ್ದರು.

ಊರು ಬಿಡುವ ಮೊದಲೇ ಮೂವರೂ ಕೂತು ಪ್ಲಾನ್ ಮಾಡಿದ್ದರು. ಶುಕ್ರವಾರ ಅಜ್ಜಿಗಾಗಿ ಇಲ್ಲಿನ ಹಳೇ ಕಾಲದ ನಾಟಕ. ಶನಿವಾರ ಗೋಲಿಗಾಗಿ ಮ್ಯಾಚ್. ಭಾನುವಾರ ವಿಮಾನ ಹತ್ತುವುದು. ರಾಜನ ಗಂಟಲು ಎಲ್ಲವನ್ನೂ ತಲೆಕೆಳಗು ಮಾಡಿತ್ತು.

“ನಾನು ಮ್ಯಾಚ್‌ಗೆ ಹೋಗ್ತೀನಿ, ಅಜ್ಜಿ ನಾಟಕಕ್ಕೆ ಹೋಗಲಿ,” ಎಂದಳು ಗೋಲಿ.

“ನಿಂಗೂ ದಾರಿ ಗೊತ್ತಿಲ್ಲ, ಅಜ್ಜಿಗೂ ಭಾಷೆ ಗೊತ್ತಿಲ್ಲ. ನಾನೊಬ್ಬಳು ಎರಡು ಕಡೆ ಹೇಗಿರಲಿ?”

ಅಜ್ಜಿ ಕಿಟಕಿಯ ಹತ್ತಿರ ಕೂತು ಗೋಲಿಯ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ತಲೆಯೆತ್ತದೆ ಹೇಳಿದಳು: “ಮ್ಯಾಚೇ ನೋಡೋಣ ಬಿಡು. ನಾಟಕ ಏನು, ನಾನು ಕಾಣದ್ದಾ?”

ಗೋಲಿಗೆ ಹೋದ ಜೀವ ಬಂದಂತಾಯಿತು. ನಾಳೆ ಆಡುವ ಗೋಲ್‌ಕೀಪರ್ ಆಟಗಾರ್ತಿಯ ಫೋಟೋ ಗೋಲಿಯ ಕಪಾಟಿನ ಬಾಗಿಲಿಗೆ ಅಂಟಿಕೊಂಡು ವರ್ಷವಾಗಿತ್ತು. ಅವಳು ಹೇಗೆ ಹಾರುತ್ತಾಳೆ, ಹೇಗೆ ಬೀಳುತ್ತಾಳೆ, ಎಲ್ಲ ನೋಡಿಕೊಂಡು ಬಂದು ತೋರಿಸುತ್ತೇನೆ ಎಂದು ಇಡೀ ಟೀಮಿಗೆ ಮಾತು ಕೊಟ್ಟು ಬಂದಿದ್ದಳು.

ಸಂಜೆ ಟ್ರೇನಿಂಗ್ ಮುಗಿಸಿ ಬಂದ ಅಮ್ಮ, “ನಾಟಕದ ಟಿಕೆಟ್ ವಾಪಸ್ ಕೊಟ್ಟು ಬರೋಣ, ಬೇರೆ ಯಾರಾದರೂ ನೋಡಲಿ,” ಎಂದಳು. ಮೂವರೂ ಬಸ್ಸು ಹತ್ತಿದರು.

ನಾಟಕದ ಮನೆ ಹಳೆಯದು. ಮರದ ಕಂಬಗಳು, ಸವೆದ ಮೆಟ್ಟಿಲುಗಳು. ಕೌಂಟರಿನಲ್ಲಿ ಯಾರೂ ಇರಲಿಲ್ಲ. ಪಕ್ಕದ ಬಾಗಿಲು ತೆರೆದಿತ್ತು. ಒಳಗೆ ಒಬ್ಬ ಹೆಂಗಸು ಉದ್ದನೆಯ ಕಂಬಿಗೆ ರಾಜರಾಣಿಯರ ಉಡುಪು ತೂಗುಹಾಕಿ, ಬ್ರಷ್ಷಿನಿಂದ ಧೂಳು ತೆಗೆಯುತ್ತಿದ್ದಳು. ಚಿನ್ನದ ಬಣ್ಣದ ನಿಲುವಂಗಿಯೊಂದು ನೆಲ ಮುಟ್ಟುವಷ್ಟು ಉದ್ದವಿತ್ತು.

ಅಜ್ಜಿ ಅಲ್ಲೇ ನಿಂತುಬಿಟ್ಟಳು. ಆ ಹೆಂಗಸು ನೋಡಿ, ನಕ್ಕು, ಒಳಗೆ ಬನ್ನಿ ಎಂದು ಕೈಸನ್ನೆ ಮಾಡಿದಳು. ಅಮ್ಮ ಟಿಕೆಟಿನ ವಿಷಯ ಅವಳಿಗೆ ತಿಳಿಸಲು ಫೋನಿನಲ್ಲಿ ಅನುವಾದ ಮಾಡಿಕೊಳ್ಳುತ್ತಾ ಪಾಡುಪಡುತ್ತಿರುವಾಗ ಅಜ್ಜಿ ಮೆಲ್ಲಗೆ ನಾಟಕದ ಹಾಲ್‌ನೊಳಗೆ ಹೋದಳು. ಗೋಲಿ ಹಿಂದೆಯೇ ಹೋದಳು.

ಖಾಲಿ ಹಾಲ್. ಅಜ್ಜಿ ಮುಂದಿನ ಸಾಲಿನ ನಟ್ಟನಡುವಿನ ಸೀಟಿನಲ್ಲಿ ಕೂತು ರಂಗವನ್ನೇ ನೋಡುತ್ತಿದ್ದಳು.

“ಎದುರಿಂದ ಹೀಗೆ ಕಾಣುತ್ತಾ?” ಎಂದಳು, ತನಗೆ ತಾನೇ.

“ಯಾಕಜ್ಜಿ? ನೀನು ನಾಟಕ ಕಂಪನೀಲಿ ಇದ್ದೆ ಅಂತ ಅಮ್ಮ ಹೇಳ್ತಾಳಲ್ಲ?”

“ಇದ್ದೆ. ಪರದೆ ಹಿಂದೆ. ಬಟ್ಟೆ ಹೊಲೀತಿದ್ದೆ. ನಾಟಕ ಶುರುವಾಯ್ತು ಅಂದ್ರೆ ಸೂಜಿ ದಾರ ಹಿಡ್ಕೊಂಡು ಪಕ್ಕದಲ್ಲಿ ನಿಂತಿರಬೇಕು. ಯಾರ ತೋಳು ಯಾವಾಗ ಹರಿಯುತ್ತೋ.”

“ಮತ್ತೆ ನಾಟಕ ನೋಡಿದ್ದು ಯಾವಾಗ?”

“ಬೆನ್ನು ನೋಡಿದ್ದೀನಿ ಮರಿ. ರಾಜನ ಬೆನ್ನು, ರಾಣಿ ಬೆನ್ನು. ರಾಜ ಅಳ್ತಿದ್ದಾನೋ ನಗ್ತಿದ್ದಾನೋ, ಅಲ್ಲಾಡೋ ಭುಜ ನೋಡಿ ತಿಳ್ಕೋಬೇಕಿತ್ತು.” ಅಜ್ಜಿ ನಕ್ಕಳು. “ಎಷ್ಟೋ ಸಲ ನಾನು ಅಳು ಅಂದ್ಕೊಂಡ ಕಡೆ ಜನ ಬಿದ್ದು ಬಿದ್ದು ನಗ್ತಿದ್ರು.”

ಗೋಲಿಗೂ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು.

ಅಜ್ಜಿ ಸೀಟಿನ ಕೈಯನ್ನು ಒಮ್ಮೆ ಸವರಿ ಎದ್ದಳು. “ನಡಿ, ಅಮ್ಮ ಕಾಯ್ತಿರ್ತಾಳೆ.”

ಹೊರಗೆ ಅಮ್ಮ ಟಿಕೆಟ್ ಚಾಚಿದ್ದಳು. ಗೋಲಿ ಅವಳ ಮೊಣಕೈ ಎಳೆದಳು. “ವಾಪಸ್ ಕೊಡಬೇಡ.”

“ಏನು?”

“ನಾಟಕಕ್ಕೇ ಹೋಗೋಣ.”

“ಇವಳ ಮಾತು ಕೇಳಬೇಡ,” ಎಂದಳು ಅಜ್ಜಿ. “ನಾಳೆ ಮುಖ ಊದಿಸ್ಕೊಂಡು ಕೂರ್ತಾಳೆ.”

ಅಮ್ಮ ಗೋಲಿಯನ್ನು ನೋಡಿದಳು. “ಹೂಂ ಅಂದಮೇಲೆ ಮುಗೀತು. ಆಮೇಲೆ ಅಳಬಾರದು.”

“ಅಳಲ್ಲ.”

ಬಸ್ಸು ಅರ್ಧ ದಾರಿ ಬರುವಷ್ಟರಲ್ಲೇ ಯಾಕಾದರೂ ಹೇಳಿದೆನೋ ಎಂದು ಗೋಲಿಗೆ ಅನ್ನಿಸತೊಡಗಿತು. ರೂಮಿಗೆ ಬಂದವಳೇ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು, ಸ್ವಲ್ಪ ಹೊತ್ತು ಅತ್ತಳು. ಮರುದಿನ ಅಮ್ಮ ಮ್ಯಾಚಿನ ಟಿಕೆಟನ್ನು ಹೋಟೆಲಿನ ರಿಸೆಪ್ಷನ್‌ನವನಿಗೆ ಕೊಟ್ಟಾಗ ಅವನ ಖುಷಿ ಹೇಳತೀರದು. ಗೋಲಿ ಮಾತ್ರ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಸಂಜೆ ನಾಟಕ ಶುರುವಾಯಿತು. ರಾಜ ಬಂದ. ಒಂದು ಹೆಜ್ಜೆ ಇಡಲು ಅವನಿಗೆ ಒಂದು ಯುಗ ಬೇಕಾಯಿತು. ಮಾತು ಒಂದೂ ಅರ್ಥವಾಗಲಿಲ್ಲ. ಗೋಲಿ ಬಗ್ಗಿ ಪಿಸುಗುಟ್ಟಿದಳು: “ಅಮ್ಮ, ಸ್ಕೋರ್ ನೋಡ್ತೀಯಾ?”

“ಇಲ್ಲಿ ಫೋನ್ ತೆಗೀಬಾರದು.”

ಗೋಲಿ ಸೀಟಿನಲ್ಲಿ ಕುಸಿದಳು. ಪಕ್ಕದಲ್ಲಿ ಅಜ್ಜಿ ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ರಾಜನಿಗೆ ಕೋಪ ಬಂದರೆ ಅಜ್ಜಿಯ ಹುಬ್ಬು ಗಂಟಿಕ್ಕುತ್ತಿತ್ತು. ರಾಣಿ ತಲೆ ತಗ್ಗಿಸಿದರೆ ಅಜ್ಜಿಯ ತಲೆಯೂ ಬಾಗುತ್ತಿತ್ತು.

ಇದ್ದಕ್ಕಿದ್ದಂತೆ ಅಜ್ಜಿ ಗೋಲಿಯ ಕೈ ಹಿಡಿದಳು. “ಅಲ್ಲಿ ನೋಡು. ರಾಜನ ಹಿಂದೆ.”

ಕಪ್ಪು ಬಟ್ಟೆಯ ಹೆಂಗಸೊಬ್ಬಳು ರಾಜನ ಹಿಂದೆ ಮಂಡಿಯೂರಿ ಕೂತಿದ್ದಳು. ನಿನ್ನೆ ಧೂಳು ತೆಗೆಯುತ್ತಿದ್ದವಳೇ. ರಾಜ ತಿರುಗಿದಾಗ ಆ ಚಿನ್ನದ ನಿಲುವಂಗಿಯ ಅಂಚು ಕಾಲಿಗೆ ಸಿಕ್ಕಿಕೊಂಡಿತು. ಅವಳು ಸರಕ್ಕನೆ ಮುಂದೆ ಜಾರಿ, ಅಂಚು ಬಿಡಿಸಿ, ನೆರಿಗೆ ಸರಿಮಾಡಿ, ಮತ್ತೆ ಹಿಂದೆ ಸರಿದಳು. ಇಷ್ಟು ಜನರ ಕಣ್ಣೆದುರೇ, ಅಷ್ಟೂ ದೀಪಗಳ ಬೆಳಕಿನಲ್ಲಿ.

“ರಂಗದ ಮೇಲೇ ಬಂದಿದ್ದಾಳೆ,” ಎಂದಳು ಅಜ್ಜಿ. “ಬಚ್ಚಿಟ್ಟುಕೊಂಡಿಲ್ಲ. ನೋಡಿದ್ಯಾ?”

ಆಮೇಲೆ ಗೋಲಿಯೂ ಆ ಹೆಂಗಸನ್ನೇ ನೋಡುತ್ತಾ ಕೂತಳು. ರಾಜ ಯಾವ ಕಡೆ ತಿರುಗುತ್ತಾನೆಂದು ಆ ಹೆಂಗಸಿಗೆ ಮೊದಲೇ ಗೊತ್ತಾಗುತ್ತಿತ್ತು. ಅವನು ಕಾಲೆತ್ತುವ ಮೊದಲೇ ಅವಳ ಕೈ ಸಿದ್ಧವಾಗಿರುತ್ತಿತ್ತು. ಚೆಂಡಿಗೆ ಕಾಯುವಾಗಿನಂತೆ ಗೋಲಿಯ ಬೆರಳುಗಳೂ ತಾವಾಗಿ ಬಿಗಿಯಾಗುತ್ತಿದ್ದವು.

ಹಿಂದಿರುಗುವಾಗ ಬಸ್ಸಿನ ತುಂಬ ಮ್ಯಾಚ್ ಮುಗಿಸಿ ಬಂದವರು. ಕೆನ್ನೆಗೆ ಬಣ್ಣ ಬಳಿದುಕೊಂಡ ಹುಡುಗಿಯೊಬ್ಬಳು ಗೋಲಿಗೆ ಎರಡು ಬೆರಳು ತೋರಿಸಿ, ಆಮೇಲೆ ಒಂದು ಬೆರಳು ತೋರಿಸಿ, ಬಾಯ್ತುಂಬ ನಕ್ಕಳು.

“ಏನಂತೆ?” ಕೇಳಿದಳು ಅಜ್ಜಿ.

“ಎರಡು-ಒಂದು. ಇವಳ ಟೀಮ್ ಗೆದ್ದಿತಂತೆ.”

ಅಜ್ಜಿ ಗೋಲಿಯ ತಲೆ ಸವರಿದಳು. “ನಿಂಗೆ ನೋಡೋಕಾಗಲಿಲ್ಲ.”

ಗೋಲಿ ಅಜ್ಜಿಗೆ ಒತ್ತಿಕೊಂಡು ಕೂತಳು.

“ಅಜ್ಜಿ, ನಾಟಕ ನಡೀತಿರುವಾಗಲೇ ರಾಜನ ತೋಳು ಹರಿದ್ರೆ ನೀನು ಏನ್ ಮಾಡ್ತಿದ್ದೆ?”

“ಅಯ್ಯೋ, ಒಂದ್ಸಲ ಏನಾಯ್ತು ಅಂತೀಯ...” ಅಜ್ಜಿ ಸೀಟಿನಲ್ಲಿ ನೆಟ್ಟಗಾದಳು. ಅವಳ ಕೈಗಳು ಗಾಳಿಯಲ್ಲೇ ದಾರ ಪೋಣಿಸತೊಡಗಿದವು.

“ಗೋಲಿ, ಅಗೋ ಸ್ಟೇಡಿಯಂ,” ಅಮ್ಮ ಕಿಟಕಿಯತ್ತ ಬೆರಳು ತೋರಿಸಿದಳು. ಎತ್ತರದ ದೀಪಗಳು ಇನ್ನೂ ಉರಿಯುತ್ತಿದ್ದವು. ಬಸ್ಸು ಅದನ್ನು ಸುತ್ತುಹಾಕಿ ಮುಂದೆ ಹೋಯಿತು.

ಗೋಲಿ ಕಿಟಕಿಗೆ ಬೆನ್ನು ಹಾಕಿ, ಅಜ್ಜಿಯ ಮುಖವನ್ನೇ ನೋಡುತ್ತಾ ಕೇಳುತ್ತಿದ್ದಳು. “ಆಮೇಲೆ?”